ಕಚೇರಿ ಹಸಿರಾಗಬೇಕಾದರೆ ಮೊದಲು ಯಾವುದು, ಆಮೇಲೆ ಯಾವುದು: ಕಾಸರಗೋಡಿನ ಸಣ್ಣ ಕಚೇರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡುತ್ತಾರೆ, ಫೋಟೊ ತೆಗೆಯುತ್ತಾರೆ, ಮೂರು ಬಣ್ಣದ ಬುಟ್ಟಿ ತಂದಿಡುತ್ತಾರೆ. ಆಗಸ್ಟ್ ಬರುವಷ್ಟರಲ್ಲಿ ಗಿಡ ಕೊಳೆತಿರುತ್ತದೆ, ಮೂರು ಬುಟ್ಟಿಯಲ್ಲೂ ಒಂದೇ ಕಸ ಇರುತ್ತದೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ನಾನು ಹೋಗಿ ನೋಡಿದ ಕಚೇರಿಗಳಲ್ಲಿ ಹೆಚ್ಚಿನವು ಸೋತದ್ದು ಹೀಗೆ. ಮನಸ್ಸಿಲ್ಲದೆ ಸೋತವರು ಕಡಿಮೆ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿ ಸೋತವರೇ ಜಾಸ್ತಿ.

ನಮ್ಮದೂ ಅದೇ ಕಥೆ. ಬದಿಯಡ್ಕ ಪೇಟೆಯಲ್ಲಿ ಒಂದನೇ ಮಾಳಿಗೆಯಲ್ಲಿರುವ 14 ಜನರ ಕಚೇರಿ. ಮೊದಲ ಸಲ ಬುಟ್ಟಿ ಇಟ್ಟು ಎರಡೇ ವಾರದಲ್ಲಿ ಎಲ್ಲ ಕಲಸುಮೇಲೋಗರ. ಗುಡಿಸುವ ಅಕ್ಕನ ಹತ್ತಿರ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಕೇಳಿದರು: "ಬುಟ್ಟಿ ಮೂರು ಇಟ್ಟಿದ್ದೀರಿ ಸಾರ್, ಹೊರಗೆ ಕೊಂಡುಹೋಗಲಿಕ್ಕೆ ಗೋಣಿ ಒಂದೇ ಕೊಟ್ಟದ್ದಲ್ವಾ?"

ಕೆಳಗಿನ ಹಂತಗಳ ಕ್ರಮ ಆ ಪ್ರಶ್ನೆಯಿಂದ ಹುಟ್ಟಿದ್ದು. ದಯವಿಟ್ಟು ಕ್ರಮ ಬದಲಿಸಬೇಡಿ. ನಿಮಗೆ ಇಷ್ಟವಾದ ಹಂತದಿಂದ ಶುರುಮಾಡಿದರೆ ಮೂರು ತಿಂಗಳ ನಂತರ ಇದೇ ಬರಹವನ್ನು ಮತ್ತೆ ಹುಡುಕಿಕೊಂಡು ಬರುತ್ತೀರಿ.

## ಕೈಯಲ್ಲಿ ಇರಬೇಕಾದ ಸಾಮಾನು

ದೊಡ್ಡ ಖರ್ಚಿನದ್ದು ಏನೂ ಇಲ್ಲ. ಬ್ಯಾಗು ತೂಗುವ ಕೊಕ್ಕೆಯ ತೂಕದ ಯಂತ್ರ ಒಂದು, ಹಳೆಯ ಟಾರ್ಪಾಲು ಒಂದು, ರಬ್ಬರಿನ ಕೈಗವಸು, ತೊಳೆದು ಒಣಗಿಸಿದ ಗೋಣಿ ಚೀಲ ನಾಲ್ಕೈದು, ಮಾರ್ಕರ್ ಪೆನ್ನು, ಒಂದು ನೋಟುಬುಕ್ಕು. ಹಿಂದಿನ ಒಂದು ವರ್ಷದ ಕೆಎಸ್‌ಇಬಿ ಕರೆಂಟು ಬಿಲ್ಲುಗಳನ್ನು ಒಟ್ಟುಮಾಡಿ. ಕುಡಿಯುವ ನೀರಿನ ವಿಷಯಕ್ಕೆ ಬರುವಾಗ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ನೋಡುವ ಪೆನ್ನಿನಂಥ ಮೀಟರು ಬೇಕಾಗುತ್ತದೆ. ಯಾರಾದರೂ ಪ್ಲಂಬರಿನ ಹತ್ತಿರ ಒಂದು ದಿನಕ್ಕೆ ಕೇಳಿ ತಂದರೂ ಸಾಕು.

ಬುಟ್ಟಿಗಳನ್ನು ಈಗಲೇ ಕೊಳ್ಳಬೇಡಿ. ಎಷ್ಟು ದೊಡ್ಡದು, ಎಷ್ಟು ಬೇಕು ಎಂಬುದು ಒಂದು ವಾರ ತೂಗಿದ ಮೇಲೆ ಮಾತ್ರ ಗೊತ್ತಾಗುತ್ತದೆ.

## ಹಂತ 1: ಒಂದು ವಾರ ಬರೇ ಅಳೆಯಿರಿ

ಯಾರಿಗೂ ಭಾಷಣ ಮಾಡಬೇಡಿ, ನೋಟಿಸು ಅಂಟಿಸಬೇಡಿ. ಸೋಮವಾರದಿಂದ ಶನಿವಾರದವರೆಗೆ ಕಚೇರಿ ಎಂದಿನಂತೆ ನಡೆಯಲಿ. ನೀವು ಮಾಡಬೇಕಾದ ಕೆಲಸ ಎರಡೇ.

1. ಕಸ ತೂಗುವುದು. ಸಂಜೆ ಎಲ್ಲ ಬುಟ್ಟಿಗಳನ್ನೂ ಟಾರ್ಪಾಲಿನ ಮೇಲೆ ಸುರಿದು ನಾಲ್ಕು ರಾಶಿ ಮಾಡಿ: ಕಾಗದ, ಪ್ಲಾಸ್ಟಿಕ್, ಊಟ-ಚಾದ ಹಸಿ ಕಸ, ಉಳಿದದ್ದು. ಒಂದೊಂದನ್ನೂ ತೂಗಿ ಬರೆದಿಡಿ. ಮೊದಲ ದಿನ ಮುಜುಗರ ಆಗುತ್ತದೆ. ಮೂರನೇ ದಿನ ಯಾರಾದರೊಬ್ಬರು ಬಂದು ಪಕ್ಕ ಕೂರುತ್ತಾರೆ. ನಮ್ಮಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು ಇರಬಹುದು ಅಂದುಕೊಂಡಿದ್ದೆವು. ತೂಗಿ ನೋಡಿದರೆ ಹಸಿ ಕಸ ಮತ್ತು ಒಂದೇ ಬದಿ ಪ್ರಿಂಟಾದ ಕಾಗದ ಸೇರಿ ಮುಕ್ಕಾಲು ಪಾಲು.

2. ಕರೆಂಟಿನ ಮೀಟರು ಓದುವುದು. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಒಂದು ಸಲ, ಸಂಜೆ ಬೀಗ ಹಾಕುವ ಮೊದಲು ಒಂದು ಸಲ ರೀಡಿಂಗ್ ಬರೆದುಕೊಳ್ಳಿ. ಸಂಜೆಯಿಂದ ಬೆಳಿಗ್ಗೆಗೆ ಎಷ್ಟು ಯೂನಿಟ್ ಏರಿತು ಎಂಬುದು ಯಾರೂ ಇಲ್ಲದ ಕಚೇರಿ ತಿಂದ ಕರೆಂಟು. ನಮ್ಮಲ್ಲಿ ಅದು ರಾತ್ರಿಗೆ 4 ಯೂನಿಟ್ ಇತ್ತು. 16 ಗಂಟೆಗೆ 4 ಯೂನಿಟ್ ಎಂದರೆ 250 ವ್ಯಾಟಿನ ಏನೋ ಒಂದು ರಾತ್ರಿಯಿಡೀ ಉರಿಯುತ್ತಿದೆ ಎಂದರ್ಥ. ಅದು ಏನೆಂಬುದು ಹಂತ 6ರಲ್ಲಿ ಬರುತ್ತದೆ.

ತಪ್ಪುವ ಜಾಗ: ಮಾರ್ಚ್ 31ರ ಲೆಕ್ಕಪತ್ರದ ಗಡಿಬಿಡಿಯ ವಾರವನ್ನೋ ಓಣಂ ರಜೆಯ ವಾರವನ್ನೋ ಆರಿಸಿಕೊಳ್ಳುವುದು. ಆ ಅಂಕಿ ವರ್ಷದ ಬೇರೆ ಯಾವ ವಾರಕ್ಕೂ ಹೊಂದುವುದಿಲ್ಲ.

## ಹಂತ 2: ಹೊರಗೆ ಹೋಗುವ ದಾರಿ ಮೊದಲು

ಕಸ ಕೊನೆಗೆ ಯಾರ ಕೈಗೆ ಹೋಗುತ್ತದೆ ಎಂದು ಗೊತ್ತಿಲ್ಲದೆ ಒಳಗೆ ವಿಂಗಡಿಸಿ ಪ್ರಯೋಜನವಿಲ್ಲ. ಆದ್ದರಿಂದ ಎರಡನೇ ವಾರ ಮೂವರೊಡನೆ ಮಾತಾಡಿ.

1. ಗುಡಿಸುವವರು. ಕಚೇರಿಯ ಹಸಿರು ಸಮಿತಿ ಎಂದು ಏನಾದರೂ ಮಾಡುವುದಿದ್ದರೆ ಮೊದಲ ಹೆಸರು ಅವರದ್ದಿರಲಿ. ಯಾವ ಬುಟ್ಟಿ ಎಲ್ಲಿದ್ದರೆ ಕೈಗೆ ಸಿಗುತ್ತದೆ, ತುಂಬಿದ ಚೀಲ ಇಡಲು ಮೆಟ್ಟಿಲ ಕೆಳಗೆ ಜಾಗ ಉಂಟೋ, ಹೆಚ್ಚು ಹೊತ್ತು ಕೆಲಸವಾಗುತ್ತದೋ, ಎಲ್ಲ ಕೇಳಿ. ಹೆಚ್ಚು ಹೊತ್ತಾದರೆ ಹೆಚ್ಚು ಕೂಲಿ ಕೊಡಿ. ಈ ಮಾತನ್ನು ನಾನು ಹೇಳಿದಾಗ ಮ್ಯಾನೇಜರುಗಳ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ. ಆದರೂ ಹೇಳುತ್ತೇನೆ, ಯಾಕೆಂದರೆ ಉಳಿದೆಲ್ಲ ಹಂತಗಳು ನಿಂತಿರುವುದು ಆ ಕೈಗಳ ಮೇಲೆ.

2. ಹರಿತ ಕರ್ಮಸೇನೆ. ನಿಮ್ಮ ಪಂಚಾಯತ್ ಅಥವಾ ನಗರಸಭೆಯ ಸೇನೆಯವರು ಮನೆಗಳಿಗೆ ಬರುವಂತೆಯೇ ಕಚೇರಿಗೂ ಬರುತ್ತಾರೆ. ಅವರು ಒಯ್ಯುವುದು ಕೊಳೆಯದ ಕಸ, ಅದೂ ತೊಳೆದು ಒಣಗಿಸಿದ್ದು. ಯಾವ ತಿಂಗಳು ಏನು ಒಯ್ಯುತ್ತಾರೆ ಎಂಬುದಕ್ಕೆ ಕ್ಯಾಲೆಂಡರ್ ಇರುತ್ತದೆ. ಪ್ಲಾಸ್ಟಿಕ್ ತಿಂಗಳು ತಿಂಗಳು, ಗಾಜು, ಚಪ್ಪಲಿ-ಬ್ಯಾಗು, ಇ-ತ್ಯಾಜ್ಯ ಇಂಥವು ನಿಗದಿಯಾದ ತಿಂಗಳಲ್ಲಿ. ಆ ಕ್ಯಾಲೆಂಡರಿನ ಪ್ರತಿ ತಂದು ಗೋಡೆಗೆ ಅಂಟಿಸಿ. ಯೂಸರ್ ಫೀ ಕೊಟ್ಟು ರಸೀದಿಯನ್ನು ಫೈಲಿನಲ್ಲಿಡಿ, ಲೈಸೆನ್ಸು ನವೀಕರಣದ ಹೊತ್ತಿಗೆ ಬೇಕಾಗುತ್ತದೆ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹೊತ್ತಿ ಉರಿದ ಮೇಲೆ ಸ್ಥಳೀಯಾಡಳಿತದವರು ಈ ವಿಷಯದಲ್ಲಿ ಮೊದಲಿನಂತೆ ಕಣ್ಣುಮುಚ್ಚಿ ಕೂರುವುದಿಲ್ಲ.

3. ಗುಜರಿಯವರು. ಕಾಗದ, ರಟ್ಟು, ಕಬ್ಬಿಣಕ್ಕೆ ಇವರು ಸಾಕು. ಬ್ಯಾಟರಿ, ಕಂಪ್ಯೂಟರು, ಟ್ಯೂಬ್‌ಲೈಟ್ ಇವರಿಗೆ ಕೊಡಬೇಡಿ.

ಇಷ್ಟಾದ ಮೇಲೆ ಬುಟ್ಟಿ ಕೊಳ್ಳಿ. ಒಂದೊಂದು ಮೇಜಿನ ಕೆಳಗೂ ಇರುವ ಸಣ್ಣ ಬುಟ್ಟಿಗಳನ್ನು ತೆಗೆದುಹಾಕಿ. ಕೈಯಳತೆಯಲ್ಲಿ ಬುಟ್ಟಿ ಇದ್ದರೆ ಯಾರೂ ಎದ್ದುಹೋಗಿ ವಿಂಗಡಿಸುವುದಿಲ್ಲ. ಚಾ ಕುಡಿಯುವ ಜಾಗದಲ್ಲಿ ಹಸಿ ಕಸಕ್ಕೆ ಮುಚ್ಚಳ ಇರುವ ಒಂದು, ಪ್ಲಾಸ್ಟಿಕ್ಕಿಗೆ ಒಂದು. ಪ್ರಿಂಟರಿನ ಪಕ್ಕ ಕಾಗದಕ್ಕೆ ಒಂದು. ಶೌಚಾಲಯದಲ್ಲಿ ಸ್ಯಾನಿಟರಿ ಪ್ಯಾಡಿಗೆ ಮುಚ್ಚಳದ ಬುಟ್ಟಿ ಬೇರೆಯೇ ಇರಬೇಕು, ಅದನ್ನು ಬೇರೆ ಯಾವುದರ ಜೊತೆಗೂ ಸೇರಿಸಬಾರದು. ಹೆಸರನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ. ಇನ್ನೂ ಒಳ್ಳೆಯದು, ವಸ್ತುವನ್ನೇ ಅಂಟಿಸುವುದು: ಬಿಸ್ಕೆಟಿನ ಖಾಲಿ ಪೊಟ್ಟಣವನ್ನು ಬುಟ್ಟಿಯ ಮೇಲೆ ಟೇಪು ಹಾಕಿ ಅಂಟಿಸಿದ ದಿನದಿಂದ ನಮ್ಮಲ್ಲಿ ಯಾರೂ "ಇದು ಯಾವುದಕ್ಕೆ?" ಎಂದು ಕೇಳಿಲ್ಲ.

ಎಚ್ಚರಿಕೆಯ ಗುರುತು: ಕರ್ಮಸೇನೆಯವರು ಚೀಲ ಬಿಚ್ಚಿ ನೋಡಿ ವಾಪಸು ಇಟ್ಟುಹೋದರೆ ಅದರೊಳಗೆ ಹಾಲಿನ ಪ್ಯಾಕೆಟ್ ತೊಳೆಯದೆ ಹೋಗಿದೆ ಎಂದು ತಿಳಿಯಿರಿ. ಸಿಂಕಿನ ಮೇಲೆ ಒಂದು ಹಗ್ಗ ಕಟ್ಟಿ ಎರಡು ಕ್ಲಿಪ್ಪು ಸಿಕ್ಕಿಸಿ. ತೊಳೆದ ಪ್ಯಾಕೆಟನ್ನು ನೇತುಹಾಕಲು ಜಾಗ ಇಲ್ಲದಿದ್ದರೆ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ.

## ಹಂತ 3: ಒಳಗೆ ಬರುವುದನ್ನು ಬಾಗಿಲಲ್ಲೇ ತಡೆಯಿರಿ

1. ಲೋಟ. ಕಾಗದದ ಲೋಟ ಎಂದರೂ ಒಳಗೆ ಪ್ಲಾಸ್ಟಿಕ್ಕಿನ ಪೊರೆ ಇರುತ್ತದೆ; ಕಾಗದದ ಜೊತೆಗೂ ಹೋಗುವುದಿಲ್ಲ, ಗೊಬ್ಬರಕ್ಕೂ ಆಗುವುದಿಲ್ಲ. ಸ್ಟೀಲು ಲೋಟ ತಂದ ಕಚೇರಿಗಳೂ ತಿಂಗಳೊಳಗೆ ಕಾಗದದ್ದಕ್ಕೆ ಮರಳುತ್ತವೆ. ಕಾರಣ ಪ್ರತಿ ಸಲವೂ ಒಂದೇ: ತೊಳೆಯುವವರು ಯಾರು? ಗುಡಿಸುವ ಅಕ್ಕನ ತಲೆಗೆ ಕಟ್ಟಿದರೆ ಇದು ನಿಲ್ಲುವುದಿಲ್ಲ. ತನ್ನ ಲೋಟ ತಾನೇ ತೊಳೆಯುವುದು, ಲೋಟದ ಮೇಲೆ ಹೆಸರು ಕೊರೆಸುವುದು (ಪಾತ್ರೆ ಅಂಗಡಿಯಲ್ಲೇ ಕೊರೆದುಕೊಡುತ್ತಾರೆ), ಬಂದವರಿಗೆಂದು ಆರು ಲೋಟ ಬೇರೆ. ನೀರು ಬಸಿಯುವ ಸ್ಟ್ಯಾಂಡ್ ಮತ್ತು ನಾರಿನ ಉಜ್ಜು ಸಿಂಕಿನ ಹತ್ತಿರ ಇರಲಿ. ಹೋಟೆಲಿನಿಂದ ಚಾ ತರಿಸುವುದಾದರೆ ಕಚೇರಿಯದ್ದೇ ಫ್ಲಾಸ್ಕ್ ಕೊಟ್ಟು ಕಳುಹಿಸಿ.

2. ಕುಡಿಯುವ ನೀರು. ಸಣ್ಣ ಬಾಟಲಿಗಳನ್ನು ನಿಲ್ಲಿಸಿ ಎಂದ ಕೂಡಲೇ ಹೆಚ್ಚಿನವರು ಆರ್‌ಒ ಯಂತ್ರ ತರುತ್ತಾರೆ. ಅದು ಒಂದು ಲೀಟರ್ ಕೊಡಲು ಎರಡು-ಮೂರು ಲೀಟರನ್ನು ಚರಂಡಿಗೆ ಬಿಡುತ್ತದೆ. ಕರಾವಳಿಯ ಉಪ್ಪುನೀರಿನ ಜಾಗ ಬಿಟ್ಟರೆ ನಮ್ಮ ಮುರಕಲ್ಲಿನ ಬಾವಿಗಳ ನೀರಿನಲ್ಲಿ ಕರಗಿದ ಲವಣ ಬಹಳ ಕಡಿಮೆ. ಟಿಡಿಎಸ್ ಮೀಟರು ಅದ್ದಿ ನೋಡಿ. 500ರ ಕೆಳಗಿದ್ದರೆ ಆರ್‌ಒ ಬೇಕಿಲ್ಲ. ಇಲ್ಲಿನ ಬಾವಿಗಳ ನಿಜವಾದ ತೊಂದರೆ ಕೋಲಿಫಾರ್ಮ್ ಬ್ಯಾಕ್ಟೀರಿಯ, ಮುಖ್ಯವಾಗಿ ಮೊದಲ ಮಳೆಯ ನಂತರ. ವರ್ಷಕ್ಕೊಮ್ಮೆ ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷಿಸಿ. ಬ್ಯಾಕ್ಟೀರಿಯ ಕೊಲ್ಲುವ ಯುವಿ ಫಿಲ್ಟರ್ ಸಾಕು, ಇಲ್ಲದಿದ್ದರೆ ಜೀರಿಗೆ ಹಾಕಿ ಕುದಿಸಿದ ನೀರು, ಅದು ಹೇಗೂ ನಮ್ಮ ಅಭ್ಯಾಸದ್ದೇ.

3. ಊಟದ ದಿನ. ಬೀಳ್ಕೊಡುಗೆ, ವಾರ್ಷಿಕ ಸಭೆ ಇಂಥ ಒಂದೇ ದಿನದಲ್ಲಿ ಎರಡು ತಿಂಗಳ ಕಸ ಆಗಿಬಿಡುತ್ತದೆ. ಬಾಳೆಎಲೆ, ಇಲ್ಲದಿದ್ದರೆ ಬಾಡಿಗೆಯ ಸ್ಟೀಲು ಬಟ್ಟಲು. ಅಡಿಕೆ ಹಾಳೆಯ ತಟ್ಟೆ ಈ ಅಡಿಕೆಯ ನಾಡಿನಲ್ಲಿ ಸಿಗದ ಪೇಟೆ ಇಲ್ಲ, ಆದರೆ ಜೂನ್‌ನಲ್ಲಿ ಕಟ್ಟುಗಟ್ಟಲೆ ತಂದು ಕಪಾಟಿನಲ್ಲಿಟ್ಟರೆ ಜುಲೈಗೆ ಬೂಷ್ಟು ಹಿಡಿಯುತ್ತದೆ. ಬೇಕಾದಷ್ಟೇ ತನ್ನಿ. ಬಳಸಿದ ಹಾಳೆ ತಟ್ಟೆ ಗೊಬ್ಬರದ ಬುಟ್ಟಿಯಲ್ಲಿ ಬೇಗ ಕರಗುವುದಿಲ್ಲ; ಹರಿದು ತೆಂಗಿನ ಬುಡಕ್ಕೆ ಹಾಕುವವರಿಗೆ ಕೊಡಿ.

4. ಬ್ಯಾನರು. ಪಿವಿಸಿ ಫ್ಲೆಕ್ಸ್ ಕೇರಳದಲ್ಲಿ ನಿಷಿದ್ಧ. ಹತ್ತಿಬಟ್ಟೆಯಲ್ಲಿ ಬರೆಸಿ, ಅದರಲ್ಲಿ ದಿನಾಂಕ ಹಾಕಿಸಬೇಡಿ. "ವಾರ್ಷಿಕ ಮಹಾಸಭೆ" ಎಂದಷ್ಟೇ ಇದ್ದರೆ ಹತ್ತು ವರ್ಷ ಬರುತ್ತದೆ.

## ಹಂತ 4: ಹಸಿ ಕಸವನ್ನು ಅಲ್ಲೇ ಗೊಬ್ಬರ ಮಾಡಿ

ಹದಿನೈದು ಜನರ ಕಚೇರಿಯಲ್ಲಿ ದಿನಕ್ಕೆ ಒಂದು-ಒಂದೂವರೆ ಕಿಲೊ ಹಸಿ ಕಸ ಆಗುತ್ತದೆ. ಅದಕ್ಕೆ ಗಾಳಿಯಾಡುವ ಗೊಬ್ಬರದ ಬುಟ್ಟಿ (ಬಯೊಬಿನ್) ಎರಡು, ಅಥವಾ ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಿಕೆ ಸಾಕು. ಜೊತೆಗೆ ಇನಾಕ್ಯುಲಂ ಬೇಕು. ತೆಂಗಿನ ನಾರಿನ ಹುಡಿಗೆ ಸೂಕ್ಷ್ಮಜೀವಿ ಸೇರಿಸಿ ಮಾಡಿದ ಮಿಶ್ರಣ ಅದು, ಬಯೊಬಿನ್ ಮಾರುವವರ ಹತ್ತಿರವೇ ಇರುತ್ತದೆ.

1. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಇನಾಕ್ಯುಲಂ ಹಾಸಿ.
2. ಆ ದಿನದ ಕಸದ ನೀರು ಬಸಿದು ಹಾಕಿ. ಸಾರು, ಗಂಜಿತಿಳಿ, ಮಜ್ಜಿಗೆ ಇದರೊಳಗೆ ಹೋಗಲೇಬಾರದು. ಬಾಳೆಸಿಪ್ಪೆಯನ್ನು ಹರಿದು ಹಾಕಿ.
3. ಮೇಲಿನಿಂದ ಕಸ ಕಾಣದಷ್ಟು ಇನಾಕ್ಯುಲಂ ಉದುರಿಸಿ, ಮುಚ್ಚಿ.
4. ಮೂರು ದಿನಕ್ಕೊಮ್ಮೆ ಕೋಲಿನಲ್ಲಿ ಕೆದಕಿ ಗಾಳಿ ಹೋಗುವಂತೆ ಮಾಡಿ.
5. ತುಂಬಿದ ಬುಟ್ಟಿಯನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಶುರುಮಾಡಿ. ಸುಮಾರು ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪು ಹುಡಿಯಾಗುತ್ತದೆ.

ಹದ ನೋಡುವುದು ಹೀಗೆ: ಒಂದು ಮುಷ್ಟಿ ಹಿಡಿದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ನೀರು ಇಳಿದರೆ ಒಣ ನಾರಿನ ಹುಡಿ ಸೇರಿಸಿ. ಏನೂ ಬರದೆ ಉದುರಿದರೆ ನೀರು ಚಿಮುಕಿಸಿ.

ಈ ಹಂತ ಕೆಡುವುದು ಬಹುಮಟ್ಟಿಗೆ ಎರಡು ಕಾರಣಕ್ಕೆ. ಒಂದು, ಜೂನ್‌ನಲ್ಲಿ ಶುರುಮಾಡುವುದು. ಜಡಿಮಳೆಯ ಇರಿಚಲು ಬುಟ್ಟಿಗೆ ಹೊಡೆದರೆ ಒಂದೇ ವಾರದಲ್ಲಿ ಹುಳ, ನಾತ, ಮೇಲಿನ ಮಹಡಿಯವರ ಜಗಳ. ಅಕ್ಟೋಬರ್‌ನಲ್ಲಿ ಶುರುಮಾಡಿ, ಮಳೆ ಬರುವಷ್ಟರಲ್ಲಿ ಕೈ ಪಳಗಿರುತ್ತದೆ. ಎರಡನೆಯದು ಮೀನಿನ ಮುಳ್ಳು. ಮಧ್ಯಾಹ್ನದ ಬುತ್ತಿಯಲ್ಲಿ ಬೂತಾಯಿ ಇದ್ದ ದಿನ ಮುಳ್ಳನ್ನು ಮೇಲೆ ಹಾಗೇ ಹಾಕಿದರೆ ರಾತ್ರಿ ಬೆಕ್ಕು ಬುಟ್ಟಿಯನ್ನೇ ಮಗುಚಿಹಾಕುತ್ತದೆ. ನಡುವೆ ಗುಂಡಿ ಮಾಡಿ ಹೂತು ದಪ್ಪಕ್ಕೆ ಮುಚ್ಚಿ. ಚಿಪ್ಪು, ಎಳನೀರಿನ ಬೊಂಡು ಯಾವತ್ತೂ ಬೇಡ.

ಆದ ಗೊಬ್ಬರ ಯಾರಿಗೆ ಎಂದು ಮೊದಲೇ ತೀರ್ಮಾನವಾಗಿರಲಿ. ನಮ್ಮಲ್ಲಿ ಅದು ಗುಡಿಸುವ ಅಕ್ಕನ ಬಸಳೆ ಚಪ್ಪರಕ್ಕೆ ಹೋಗುತ್ತದೆ. ಆ ಮಾತು ಆದಂದಿನಿಂದ ಬುಟ್ಟಿಯ ಮುಚ್ಚಳ ಒಂದು ದಿನವೂ ತೆರೆದೇ ಉಳಿದಿಲ್ಲ.

## ಹಂತ 5: ಕಾಗದ

"ಎರಡೂ ಬದಿ ಪ್ರಿಂಟ್ ಮಾಡಿ" ಎಂದು ಎಲ್ಲರೂ ಬರೆಯುತ್ತಾರೆ. ಜುಲೈಯಲ್ಲಿ ಇಲ್ಲಿ ಅದನ್ನು ಮಾಡಿನೋಡಿ! ಗಾಳಿಯ ತೇವ ಹೀರಿದ ಕಾಗದ ಮೊದಲ ಬದಿ ಬಿಸಿಯಾದ ಕೂಡಲೇ ಸುರುಟಿಕೊಳ್ಳುತ್ತದೆ, ಎರಡನೇ ಬದಿಗೆ ಒಳಹೋಗುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕು ಸಲ ಹಾಗಾದರೆ ಯಾರೋ ಸೆಟ್ಟಿಂಗ್ ಬದಲಿಸುತ್ತಾರೆ, ಅಲ್ಲಿಗೆ ಮುಗಿಯಿತು.

1. ಒಂದು ಸಲಕ್ಕೆ ಒಂದೇ ರೀಮು ಬಿಚ್ಚಿ. ಉಳಿದದ್ದು ಅದರ ಹೊದಿಕೆಯಲ್ಲೇ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಇರಲಿ.
2. ಬಿಚ್ಚಿದ ರೀಮನ್ನು ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿಡಿ. ಸಂಜೆ ಪ್ರಿಂಟರಿನ ಟ್ರೇಯಲ್ಲಿ ಉಳಿದ ಹಾಳೆಗಳೂ ಅದಕ್ಕೇ ಹೋಗಲಿ.
3. ಇಷ್ಟಾದ ಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಎರಡು ಬದಿ ಎಂಬುದನ್ನೇ ಖಾಯಂ ಸೆಟ್ಟಿಂಗ್ ಮಾಡಿ. ಒಂದು ಬದಿ ಬೇಕಾದವರು ಪ್ರತಿ ಸಲ ಬದಲಿಸಿಕೊಳ್ಳಲಿ.
4. ಒಂದು ಬದಿ ಖಾಲಿ ಇರುವ ಹಾಳೆಗಳನ್ನು ಪ್ರಿಂಟರಿಗೆ ಹಾಕಬೇಡಿ; ಸ್ಟೇಪ್ಲರ್ ಪಿನ್ನು ಒಳಗೆ ಹೋಗಿ ಡ್ರಮ್ ಗೀರುತ್ತದೆ. ಕತ್ತರಿಸಿ ಹೊಲಿದು ಟಿಪ್ಪಣಿ ಪುಸ್ತಕ ಮಾಡಿ. ಅದರಲ್ಲಿ ಗ್ರಾಹಕರ ಆಧಾರ್ ಪ್ರತಿ, ಖಾತೆ ನಂಬರು ಇರುವ ಹಾಳೆ ಸೇರದಂತೆ ಒಬ್ಬರು ನೋಡಲಿ.

ಇದು ಎಲ್ಲ ಊರಿಗೂ ಹೊಂದುವ ಮಾತು. ಗಡಿನಾಡಿನ ಕಚೇರಿಗೆ ಕಾಗದ ಪೋಲಾಗಲು ಇನ್ನೂ ಎರಡು ದಾರಿ ಇವೆ.

ಒಂದು, ಫಾರಂ. ಮಲಯಾಳದಲ್ಲಿ ಐನೂರು ಅಚ್ಚುಹಾಕಿಸಿ ಇಟ್ಟಿರುತ್ತೇವೆ, ಬಂದವರು ಕನ್ನಡದ್ದು ಕೇಳುತ್ತಾರೆ. ಕನ್ನಡದ್ದು ಐನೂರು ಹಾಕಿಸಿದರೆ ಅಷ್ಟರಲ್ಲಿ ನಿಯಮ ಬದಲಾಗಿ ಎರಡೂ ಗುಜರಿಗೆ. ಅಚ್ಚು ಹಾಕಿಸುವುದನ್ನೇ ಬಿಡಿ. ಎರಡೂ ಭಾಷೆಯ ಫಾರಮನ್ನು ಪಿಡಿಎಫ್ ಮಾಡಿಟ್ಟು, ಬಂದವರನ್ನು ಯಾವ ಭಾಷೆ ಬೇಕೆಂದು ಕೇಳಿ, ಒಂದೇ ಪ್ರತಿ ಪ್ರಿಂಟ್ ಮಾಡಿ.

ಇನ್ನೊಂದು, ಹಳೆಯ ಫಾಂಟು. ನುಡಿಯಲ್ಲೋ ಇನ್ನಾವುದೋ ಹಳೆಯ ಫಾಂಟಿನಲ್ಲೋ ಟೈಪು ಮಾಡಿದ ಪತ್ರ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿಯಾಗಿ ಬರುತ್ತದೆ. ನೋಡದೆ ಪ್ರಿಂಟ್ ಒತ್ತಿದವರು 40 ಪುಟ ಬಂದ ಮೇಲೆ ಕೂಗುತ್ತಾರೆ. ಹಳೆಯ ಕಡತಗಳನ್ನೆಲ್ಲ ಒಮ್ಮೆ ಯುನಿಕೋಡಿಗೆ ಬದಲಿಸಿ. ಒಂದು ಶನಿವಾರದ ಮಧ್ಯಾಹ್ನದ ಕೆಲಸ. ನಮ್ಮಲ್ಲಿ ತಿಂಗಳಿಗೆ ಒಂದು ರೀಮು ಉಳಿದದ್ದು ಇದರಿಂದಲೇ; ಒಂದು ರೀಮೆಂದರೆ 500 ಹಾಳೆ, ಎರಡು ಕಿಲೊಗಿಂತ ಹೆಚ್ಚು ತೂಕ.

## ಹಂತ 6: ಕರೆಂಟು

1. ರಾತ್ರಿಯ ಕಳ್ಳನನ್ನು ಹಿಡಿಯಿರಿ. ಸಂಜೆ ಎಲ್ಲರೂ ಹೋದ ಮೇಲೆ ಮೀಟರಿನ ಎದುರು ಒಬ್ಬರು ನಿಲ್ಲಿ. ಮೀಟರಿನ ಸಣ್ಣ ಕೆಂಪು ದೀಪ ಮಿಣುಕುವ ವೇಗ ನೋಡಿ. ಇನ್ನೊಬ್ಬರು ಒಂದೊಂದೇ ಪ್ಲಗ್ಗು ತೆಗೆಯುತ್ತ ಬರಲಿ. ಯಾವುದು ತೆಗೆದಾಗ ಮಿಣುಕು ನಿಧಾನವಾಯಿತೋ ಅದೇ ಕಳ್ಳ. ನಮ್ಮಲ್ಲಿ ಅದು ಬಿಸಿನೀರು-ತಣ್ಣೀರು ಕೊಡುವ ಡಿಸ್ಪೆನ್ಸರ್. ಯಾರೂ ಇಲ್ಲದ ಕೋಣೆಯಲ್ಲಿ ರಾತ್ರಿಯಿಡೀ ನೀರು ಕಾಯಿಸುತ್ತ, ಪಕ್ಕದಲ್ಲೇ ತಣಿಸುತ್ತ ಕೂತಿತ್ತು ಪುಣ್ಯಾತ್ಮ. ಅದರ ಸ್ವಿಚ್ಚನ್ನು ಸಂಜೆ ಆರಿಸತೊಡಗಿದ ಮೇಲೆ ರಾತ್ರಿಯ ಲೆಕ್ಕ 4 ಯೂನಿಟಿನಿಂದ ಒಂದೂವರೆಗೆ ಇಳಿಯಿತು. ಉಳಿದದ್ದು ಸಿಸಿಟಿವಿ ಮತ್ತು ಯುಪಿಎಸ್, ಅವು ಇರಲೇಬೇಕು.

2. ದೀಪ, ಫ್ಯಾನು. ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 48 ವ್ಯಾಟ್ ತಿನ್ನುತ್ತದೆ, ಎಲ್‌ಇಡಿ 20. ಹತ್ತು ದೀಪ, ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದರೆ 56 ಯೂನಿಟ್ ಉಳಿತಾಯ. ಹಳೆಯ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30. ಎಂಟು ಫ್ಯಾನಿಗೆ ಅದೇ ಲೆಕ್ಕದಲ್ಲಿ 72 ಯೂನಿಟ್. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಎರಡೂ ಸೇರಿ ತಿಂಗಳಿಗೆ 90 ಕಿಲೊ ಹತ್ತಿರ. ದುಡ್ಡು ಒಟ್ಟಿಗೆ ಇಲ್ಲದಿದ್ದರೆ ದಿನವಿಡೀ ತಿರುಗುವ ಫ್ಯಾನನ್ನು ಮೊದಲು ಬದಲಿಸಿ. ಸ್ಟೋರ್‌ರೂಮಿನ ದೀಪ ಕೊನೆಗಾದರೂ ಆದೀತು.

3. ಸ್ವಿಚ್ ಬೋರ್ಡು. ಒಂದೇ ಸ್ವಿಚ್ಚಿಗೆ ಆರು ದೀಪ ಸೇರಿಸಿರುವ ಕಚೇರಿಗಳು ಹಲವು. ಒಬ್ಬರೇ ಕೂತಿದ್ದರೂ ಆರೂ ಉರಿಯಬೇಕು. ಎಲೆಕ್ಟ್ರಿಷಿಯನ್ ಕರೆದು ಬಿಡಿಸಿ, ಪ್ರತಿ ಸ್ವಿಚ್ಚಿನ ಮೇಲೆ "ಕಿಟಕಿ ಬದಿ", "ಕೌಂಟರ್" ಎಂದು ಬರೆಸಿ.

4. ಎಸಿ. ಕೊನೆಗೆ ಇದು. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗುತ್ತವೆ. ಅದನ್ನು 18ಕ್ಕೆ ಇಳಿಸುವುದು ನಮ್ಮ ಬೆರಳು. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡ ಕರೆಂಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 26ರಲ್ಲಿಟ್ಟು ಫ್ಯಾನು ಹಾಕಿ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

ಮಾರ್ಚ್‌ನಿಂದ ಮೇವರೆಗೆ ಸೆಕೆ ತಡೆಯುವುದಿಲ್ಲ ಎನ್ನುವವರು ಎಸಿ ಕೊಳ್ಳುವ ಮೊದಲು ಟೆರೇಸಿನ ಮೇಲೆ ಹೋಗಿ ನಿಲ್ಲಲಿ. ಕಾದ ಕಾಂಕ್ರೀಟೇ ಸಂಜೆವರೆಗೂ ಒಳಗೆ ಬಿಸಿ ಇಳಿಸುವುದು. ಮೇಲೆ ಶೀಟು ಹಾಕಿದ ಕಟ್ಟಡವಾದರೆ ಆ ತೊಂದರೆ ಅರ್ಧ ಕಡಿಮೆ. ಇಲ್ಲದಿದ್ದರೆ ಫೆಬ್ರವರಿಯಲ್ಲಿ ಟೆರೇಸಿಗೆ ಬಿಳಿ ಸುಣ್ಣ ಬಳಿಸಿ. ಮಳೆಗೆ ತೊಳೆದುಹೋಗುತ್ತದೆ ನಿಜ, ಮಳೆ ಬಂದ ಮೇಲೆ ಅದು ಬೇಕಾಗುವುದೂ ಇಲ್ಲ.

ಎಚ್ಚರಿಕೆಯ ಗುರುತು: ಬಿಲ್ಲು ಇಳಿದರೂ ರಾತ್ರಿಯ ರೀಡಿಂಗ್ ಇಳಿಯದಿದ್ದರೆ ಹವೆ ತಂಪಾದದ್ದರಿಂದಲೂ ಉಳಿದಿರಬಹುದು, ಎಲ್ಲವೂ ನಿಮ್ಮ ಕೆಲಸದಿಂದಲೇ ಎಂದುಕೊಳ್ಳಬೇಡಿ.

## ಹಂತ 7: ನೀರು

ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಏಪ್ರಿಲ್‌ಗೆ ಬಾವಿ ತಳ ಕಾಣುತ್ತದೆ. ಬಾವಿಕ್ಕೆರೆಯಲ್ಲಿ ಅಣೆಕಟ್ಟು ಆಗುವ ಮೊದಲು ಬೇಸಿಗೆಯಲ್ಲಿ ನಲ್ಲಿಯ ನೀರು ಉಪ್ಪಾಗುತ್ತಿದ್ದುದನ್ನು ಕಾಸರಗೋಡು ಪೇಟೆಯವರು ಮರೆತಿಲ್ಲ.

ಮೊದಲು ಸೋರಿಕೆ. ರಾತ್ರಿ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಬೆಳಿಗ್ಗೆ ಅಳೆದು ನೋಡಿ. ಆ ಬಕೆಟನ್ನು ಮ್ಯಾನೇಜರಿಗೆ ತೋರಿಸಿದರೆ ವಾಶರ್ ಬದಲಿಸಲು ಅದೇ ದಿನ ಮಂಜೂರಾತಿ ಸಿಗುತ್ತದೆ. ಫ್ಲಶ್ ಟ್ಯಾಂಕಿಗೆ ಸಂಜೆ ಸ್ವಲ್ಪ ಅರಸಿನ ನೀರು ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗಿನ ಕಮೋಡಿನಲ್ಲಿ ಹಳದಿ ಕಂಡರೆ ಒಳಗಿನ ವಾಲ್ವ್ ಸೋರುತ್ತಿದೆ. ಹಳೆಯ ದೊಡ್ಡ ಟ್ಯಾಂಕಾದರೆ ನೀರು ತುಂಬಿಸಿದ ಒಂದು ಲೀಟರ್ ಬಾಟಲಿಯನ್ನು ಒಳಗಿಳಿಸಿ, ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಇಟ್ಟಿಗೆ ಹಾಕಬೇಡಿ, ಕರಗಿ ವಾಲ್ವ್ ಕೆಡಿಸುತ್ತದೆ.

ಆಮೇಲೆ ಮಾಡಿನ (ಛಾವಣಿಯ) ನೀರು. ಸಾವಿರ ಚದರಡಿ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವುದು ಮೂರು ಲಕ್ಷ ಲೀಟರಿಗೂ ಹೆಚ್ಚು. ಕಟ್ಟಡದ ಮಾಲೀಕರು ಒಪ್ಪಿದರೆ ಅದನ್ನು ಬಾವಿಗೆ ಕೊಡಿ.

1. ಏಪ್ರಿಲ್ ಕೊನೆಗೆ ಮಾಡು, ದಂಬೆ (ಮಾಡಿನ ನೀರು ಹರಿಯುವ ಅರೆಕೊಳವೆ) ಗುಡಿಸಿ. ದಂಬೆಯ ಬಾಯಿಗೆ ಬಲೆ ಕಟ್ಟಿ.
2. ಪೈಪು ಕೆಳಗಿಳಿಯುವಲ್ಲಿ ನೀರನ್ನು ಹೊರಗೆ ಬಿಡುವ ಒಂದು ವಾಲ್ವ್ ಇರಲಿ. ಮೊದಲ ಎರಡು ಮೂರು ಮಳೆಯ ನೀರು ಹಕ್ಕಿಹಿಕ್ಕೆ, ಧೂಳು ಸೇರಿದ್ದು. ಅದು ಅಂಗಳಕ್ಕೆ ಹೋಗಲಿ.
3. ಡ್ರಮ್ಮಿನಲ್ಲಿ ತಳಕ್ಕೆ ದೊಡ್ಡ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಬಲೆ ಹಾಸಿ ಮರಳು ತುಂಬಿಸಿ. ನೀರು ಮೇಲಿನಿಂದ ಬಂದು ತಳದಿಂದ ಬಾವಿಗೆ ಹೋಗಬೇಕು.
4. ಪ್ರತಿ ವರ್ಷ ಮಳೆಗೆ ಮೊದಲು ಮರಳು, ಇದ್ದಿಲು ತೆಗೆದು ತೊಳೆಯಿರಿ.

ಇಂಗುಗುಂಡಿ ಮಾಡುವವರು ಶೌಚದ ಗುಂಡಿಯ ಹತ್ತಿರ ಅಗೆಯಬೇಡಿ. ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 7.5 ಮೀಟರ್ ಅಂತರ ಇರಬೇಕೆಂಬುದು ನಿಯಮ. ಮುರಕಲ್ಲಿನ ನೆಲದಲ್ಲಿ ನೀರು ಸಂದುಗಳಲ್ಲಿ ಓಡುವುದರಿಂದ ಇನ್ನೂ ದೂರ ಇದ್ದಷ್ಟೂ ಒಳ್ಳೆಯದು.

## ಹಂತ 8: ಇ-ತ್ಯಾಜ್ಯ, ಬ್ಯಾಟರಿ, ಟ್ಯೂಬು

ಹಂತ 6 ಮಾಡಿದವರ ಮೂಲೆಯಲ್ಲಿ ಈಗ ಹಳೆಯ ಟ್ಯೂಬ್‌ಲೈಟ್ ರಾಶಿ ಬಿದ್ದಿರುತ್ತದೆ. ಒಳಗೆ ಪಾದರಸ ಇದೆ, ಒಡೆಯಬಾರದು. ಹೊಸ ದೀಪ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ನಿಲ್ಲಿಸಿಟ್ಟು ಕರ್ಮಸೇನೆಯ ಇ-ತ್ಯಾಜ್ಯದ ತಿಂಗಳಲ್ಲಿ ಕೊಡಿ. ಇನ್‌ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ವಾಪಸು ಕೊಟ್ಟು ಬೆಲೆ ಕಡಿಮೆ ಮಾಡಿಸಿಕೊಳ್ಳಿ. ನೂರು ರೂಪಾಯಿ ಹೆಚ್ಚು ಕೊಡುತ್ತೇನೆಂದು ಬರುವವರು ಆಸಿಡನ್ನು ತೋಡಿಗೆ ಚೆಲ್ಲಿ ಸೀಸ ಮಾತ್ರ ಒಯ್ಯುತ್ತಾರೆ.

ಕಂಪ್ಯೂಟರು ಕೊಡುವ ಮೊದಲು ಹಾರ್ಡ್‌ಡಿಸ್ಕ್ ತೆಗೆದಿಡಿ. ಬಿಟ್ಟುಕೊಟ್ಟ ಮೇಲೆ ನೆನಪಾದರೆ ಏನೂ ಮಾಡಲಿಕ್ಕಾಗುವುದಿಲ್ಲ.

## ಹಂತ 9: ಓಡಾಟ

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಪೆರ್ಲ, ನೀರ್ಚಾಲು ಕಡೆಯಿಂದ ಒಂದೇ ಹೊತ್ತಿಗೆ ನಾಲ್ಕು ಕಾರು ಬರುತ್ತಿದ್ದರೆ ಯಾರು ಯಾರ ಜೊತೆ ಬರಬಹುದು ಎಂದು ಒಂದು ಚೀಟಿಯಲ್ಲಿ ಬರೆದು ನೋಡಿ. ಸಭೆಯನ್ನು ಬಸ್ಸು, ರೈಲಿನ ಹೊತ್ತು ನೋಡಿ ಇಡಿ. ಸಂಜೆ ಕೊನೆಯ ಬಸ್ಸು ತಪ್ಪುವ ಹಾಗೆ ಸಭೆ ಇಟ್ಟು, ಯಾಕೆ ಎಲ್ಲರೂ ಕಾರಿನಲ್ಲಿ ಬರುತ್ತಾರೆ ಎಂದು ಕೇಳುವವರನ್ನು ಕಂಡಿದ್ದೇನೆ.

## ಹಂತ 10: ಸೋಲಾರು, ಗಿಡ

ಹಂತ 6 ಮುಗಿಯದೆ ಸೋಲಾರಿಗೆ ಕೈ ಹಾಕಿದರೆ ಪೋಲಾಗುವ ಕರೆಂಟಿಗೂ ಸೇರಿಸಿ ಪ್ಯಾನೆಲ್ ಕೊಂಡಂತಾಗುತ್ತದೆ. ಒಳ್ಳೆಯ ಬಿಸಿಲಿಗೆ ಒಂದು ಕಿಲೊವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಬಹಳ ಇಳಿಯುತ್ತದೆ; ನೆರಳಿಲ್ಲದ ನೂರು ಚದರಡಿ ಜಾಗ ಬೇಕು. ಪಕ್ಕದ ತೆಂಗಿನ ಮರದ ನೆರಳು ಮಧ್ಯಾಹ್ನ ಮೂರಕ್ಕೆ ಎಲ್ಲಿ ಬೀಳುತ್ತದೆ ಎಂದು ಡಿಸೆಂಬರ್‌ನಲ್ಲೊಮ್ಮೆ ನೋಡಿ ಗುರುತು ಹಾಕಿ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ. ಕಚೇರಿಗೂ ಸಿಗುತ್ತದೆ ಎಂದು ಏಜೆಂಟರು ಹೇಳಿದರೆ ಮುಂಗಡ ಕೊಡಬೇಡಿ, ಕೆಎಸ್‌ಇಬಿ ಸೆಕ್ಷನ್ ಕಚೇರಿಗೆ ಹೋಗಿ ಕೇಳಿ.

ಗಿಡ ಬೇಕೇ ಬೇಕೆಂದರೆ ಕಿಟಕಿ ಬದಿಗೆ ಮೂರು ಕುಂಡ, ನೀರು ಹಾಕುವವರ ಹೆಸರು ಕುಂಡದ ಮೇಲೆ.

## ಮೂರನೇ ತಿಂಗಳಲ್ಲಿ ನೋಡಬೇಕಾದ್ದು

ಇಷ್ಟು ಮಾಡಿದ ಕಚೇರಿಗಳೂ ಜಾರುವುದು ಮೂರನೇ ತಿಂಗಳಲ್ಲಿ. ಸ್ಟೀಲು ಲೋಟ ಕಪಾಟು ಸೇರಿದೆಯೇ, ಮೇಜಿನ ಕೆಳಗೆ ಸಣ್ಣ ಬುಟ್ಟಿ ಮತ್ತೆ ಬಂದಿದೆಯೇ, ಇನಾಕ್ಯುಲಂ ಖಾಲಿಯಾಗಿ ಎಷ್ಟು ದಿನವಾಯಿತು, ಪ್ರಿಂಟರಿನ ಸೆಟ್ಟಿಂಗ್ ಯಾರಾದರೂ ಬದಲಿಸಿದ್ದಾರೆಯೇ ನೋಡಿ. ಹಿತ್ತಲಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ಕಪ್ಪು ಕಲೆ ಕಂಡರೆ ಹಂತ 2 ಮುರಿದಿದೆ: ಸೇನೆಯವರು ಬಂದಾಗ ಬಾಗಿಲು ಹಾಕಿತ್ತು, ಚೀಲ ತುಂಬಿತು, ಯಾರೋ ಬೆಂಕಿ ಕೊಟ್ಟರು. ಪ್ಲಾಸ್ಟಿಕ್ ಸುಡುವುದಕ್ಕೆ ದಂಡವೂ ಇದೆ. ಸೇನೆಯವರು ಬರುವ ದಿನ ಯಾರು ಇರಬೇಕು, ಅವರು ರಜೆಯಾದರೆ ಯಾರು ಎಂದು ಎರಡು ಹೆಸರು ಬರೆದಿಡಿ.

ಆಮೇಲೆ ಟಾರ್ಪಾಲು ಹಾಸಿ ಮತ್ತೆ ಒಂದು ವಾರ ತೂಗಿ, ಮೀಟರು ಓದಿ, ಹಳೆಯ ಪುಟದ ಪಕ್ಕದಲ್ಲೇ ಬರೆಯಿರಿ. ಯಾವ ರಾಶಿ ಇಳಿದಿಲ್ಲವೋ ಆ ಹಂತಕ್ಕೆ ಮಾತ್ರ ವಾಪಸು ಹೋಗಿ. ತೂಗುವಾಗ ಗುಡಿಸುವ ಅಕ್ಕನನ್ನೂ ಕರೆಯಿರಿ, ಯಾವ ಕಸ ಯಾರ ಮೇಜಿನದ್ದೆಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.